ಗ್ಯಾರೇಜಿನಲ್ಲಿ ಹೋಳಿಗೆ ಮಾಡಿದ ಶನಿವಾರ

ನಮ್ಮದು ಹನ್ನೆರಡು ಮನೆಗಳ ಪುಟ್ಟ ಸಂಸ್ಥೆ. ಧಾರವಾಡದ ಸುತ್ತಲಿನ ಹಳ್ಳಿ ಶಾಲೆಗಳಲ್ಲಿ ಏಳನೇ ಇಯತ್ತೆ ಮುಗಿಸಿದ ಹುಡುಗಿಯರು ಮುಂದೆ ಓದಬೇಕೆಂದರೆ ಬಸ್ಸು ಹಿಡಿದು ಪಕ್ಕದ ಊರಿಗೆ ಹೋಗಬೇಕು. ಅವರ ಬಸ್ ಪಾಸು, ಪುಸ್ತಕ, ಫೀಸು ನಮ್ಮ ಪಾಲು. ಅದಕ್ಕೆ ಹಣ ಕೂಡಿಸಲು ವರ್ಷಕ್ಕೊಮ್ಮೆ, ನಾವು ಬಂದು ನೆಲೆಸಿರುವ ಹೊರದೇಶದ ಎಟೋಬಿಕೋಕ್‌ನಲ್ಲಿ ಒಂದು ಭಾನುವಾರ ಊಟ ಏರ್ಪಡಿಸುತ್ತಿದ್ದೆವು. ಕೊಟ್ಟವರ ಹಣದಲ್ಲಿ ಒಂದು ಡಾಲರನ್ನೂ ನಮ್ಮ ಅನುಕೂಲಕ್ಕೆ ಬಳಸುವುದಿಲ್ಲ ಎಂದು ಪ್ರತಿ ಊಟದಲ್ಲೂ ಹೆಮ್ಮೆಯಿಂದ ಹೇಳುತ್ತಿದ್ದೆವು. ಹಾಗಾಗಿ ಅಡುಗೆ ಅಕ್ಕನ ಮನೆಯ ಗ್ಯಾರೇಜಿನಲ್ಲಿ.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಧಾರವಾಡದವರು, ನಮ್ಮೆಲ್ಲರಿಗೂ ಅಕ್ಕ. ಆ ಫೆಬ್ರವರಿಯ ಶನಿವಾರ ಬೆಳಿಗ್ಗೆ ಅವರು, ಮೈಸೂರಿನ ಗೆಳತಿಯೊಬ್ಬರು ಮತ್ತು ನಾನು ಮೂವರೇ ಇದ್ದೆವು. ಅಕ್ಕನ ಯಜಮಾನರು ದೊಡ್ಡ ಪಾತ್ರೆ ತರಲು ಬರ್ಲಿಂಗ್ಟನ್‌ಗೆ ಹೋಗಿದ್ದರು. ಪ್ರೊಪೇನ್ ಒಲೆಯ ಮೇಲೆ ಕಡಲೆಬೇಳೆ ಕುದಿಯುತ್ತಿತ್ತು. ಸಾರಿನ ಒಗ್ಗರಣೆಗೆ ಎಣ್ಣೆ ಇಡುವ ಹೊತ್ತಿಗೆ ನಾನು ಗುಂಡಿ ಒತ್ತಿ ಗ್ಯಾರೇಜಿನ ಬಾಗಿಲನ್ನು ಇಳಿಸಿದೆ. ಹಿಂದಿನ ವರ್ಷ ಪಕ್ಕದ ಮನೆಯಾಕೆ ವಾಸನೆಯ ಬಗ್ಗೆ ನಗುತ್ತಲೇ ಒಂದು ಮಾತು ಹೇಳಿದ್ದರು. ನಮಗೆ ನಾಚಿಕೆಯಾಗಿತ್ತು. ಚಳಿಯೂ ಇತ್ತು ಅನ್ನಿ, ಆದರೆ ಮುಚ್ಚಿದ್ದು ನಾಚಿಕೆಗೆ.

ನಾನು ಎಂಜಿನಿಯರಿಂಗ್ ಓದಿದವನು. ಮುಚ್ಚಿದ ಜಾಗದಲ್ಲಿ ಉರಿ ಹೊತ್ತಿಸಿದರೆ ಏನಾಗುತ್ತದೆಂದು ಪರೀಕ್ಷೆಯಲ್ಲಿ ಬರೆದು ಪಾಸಾದವನು.

ಮುಕ್ಕಾಲು ಗಂಟೆಯಾಗಿರಬೇಕು. ಅಕ್ಕ ಲಟ್ಟಣಿಗೆ ಕೆಳಗಿಟ್ಟು, "ತಲಿ ಗಿರ್ ಅನ್ನಾಕತ್ತದ ನೋಡ್ರಿ" ಎಂದರು. "ಶನಿವಾರ ಒಪ್ಪತ್ತು ಇರ್ತೀನಲ್ಲ, ಅದಕ್ಕ."

"ಒಂದು ಬಾಳೆಹಣ್ಣು ತಿನ್ನಿ ಅಕ್ಕ" ಎಂದೆ. "ಶನಿದೇವರಿಗೆ ನಾನು ಲೆಟರ್ ಬರೀತೀನಿ, ಸೆಕ್ರೆಟರಿ ನಾನೇ ತಾನೆ."

"ನಿಮ್ಮ ಇಂಗ್ಲಿಷ್‌ನಾಗ ಬರೀಬ್ಯಾಡ್ರಿ. ಅವಗ ಸಿಟ್ಟು ಬಂದೀತು."

ನಕ್ಕೆವು. ಅವರು ಗೋಡೆಗೊರಗಿ ಸ್ಟೂಲಿನ ಮೇಲೆ ಕುಳಿತರು. ಮೈಸೂರಿನ ಗೆಳತಿ ಹಣೆ ಒತ್ತಿಕೊಳ್ಳುತ್ತಾ, "ನಂಗೂ ಯಾಕೋ ತಲೆ ಸಿಡೀತಿದೆ" ಎಂದರು. ನನಗೂ ಸಿಡಿಯುತ್ತಿತ್ತು. ಹಿಟ್ಟಿನ ಉಂಡೆ ಕೈಯಲ್ಲಿ ಹಿಡಿದು ಯೋಚಿಸಿದೆ: ಒಪ್ಪತ್ತು ಅಕ್ಕನದು. ನಾವಿಬ್ಬರೂ ಹೊಟ್ಟೆ ತುಂಬ ಉಪ್ಪಿಟ್ಟು ತಿಂದು ಬಂದವರು. ಆಮೇಲೆ ಒಲೆಯ ಕಡೆ ನೋಡಿದೆ.

ಓಡಿ ಗುಂಡಿ ಒತ್ತಿದೆ. ಬಾಗಿಲು ಏಳತೊಡಗಿದಾಗ ಅಕ್ಕ ಸ್ಟೂಲಿನಿಂದ ಜಾರಿ ಬಿದ್ದಿದ್ದರು. ಒಲೆ ಆರಿಸಿ, ಇಬ್ಬರೂ ಅವರ ತೋಳು ಹಿಡಿದು ಹಿಮದ ಮೇಲಕ್ಕೆ ಎಳೆದೆವು. ನಾನೂ ಅಲ್ಲೇ ಹಿಮದ ಮೇಲೆ ಕುಸಿದು ಕುಳಿತೆ. ಆಂಬುಲೆನ್ಸ್‌ಗೆ ಫೋನು ಮಾಡಿದ್ದು ಪಕ್ಕದ ಮನೆಯಾಕೆಯೇ. ತಮ್ಮ ಕೋಟು ಬಿಚ್ಚಿ ಅಕ್ಕನಿಗೆ ಹೊದಿಸಿದರು. ಅಗ್ನಿಶಾಮಕದವನು ಕಾರ್ಬನ್ ಮೊನಾಕ್ಸೈಡ್ ಅಳೆಯುವ ಮೀಟರು ಹಿಡಿದು ಒಳಗೆ ಹೋಗಿಬಂದು, ಬಾಗಿಲು ಮುಚ್ಚಿದ್ದು ಯಾರು ಎಂದು ಕೇಳಿದ. ನಾನು ಎಂದೆ. ಇನ್ನು ಹತ್ತು ನಿಮಿಷ ತಡವಾಗಿದ್ದರೆ, ಎಂದು ಶುರುಮಾಡಿ ಅಕ್ಕನ ಕಡೆ ನೋಡಿದ.

ಆ ಹತ್ತು ನಿಮಿಷವನ್ನು ನಾನು ಈಗಲೂ ಲೆಕ್ಕ ಹಾಕುತ್ತಿರುತ್ತೇನೆ. ಶನಿದೇವರ ತಮಾಷೆಗೆ ಎಷ್ಟು ನಿಮಿಷ ಹೋಯಿತು, ನಗುವುದಕ್ಕೆ ಎಷ್ಟು?

ಸಂಜೆಯ ಹೊತ್ತಿಗೆ ಆಸ್ಪತ್ರೆಯಲ್ಲಿ ಅಕ್ಕ ಕಣ್ಣು ಬಿಟ್ಟರು. ಒಂದು ತಿಂಗಳು ಮಾತಿನ ನಡುವೆ ಪದ ಮರೆಯುತ್ತಿದ್ದರು, ಆಮೇಲೆ ಸರಿಹೋಯಿತು. ಆ ವರ್ಷದ ಊಟ ನಿಂತಿತು. ಬಸ್ ಪಾಸಿಗೆ ನಾವೇ ಕೈಯಿಂದ ಹಣ ಹಾಕಿದೆವು. ಮುಂದಿನ ವರ್ಷಕ್ಕೆ ಅಡುಗೆಮನೆ ಇರುವ ಹಾಲ್ ಬಾಡಿಗೆಗೆ ಹಿಡಿಯೋಣ ಎಂದು ಸಭೆಯಲ್ಲಿ ಹೇಳಿದೆ. ಹಿರಿಯರೊಬ್ಬರು, "ಕೊಟ್ಟೋರಿಗೆ ಏನಂತ ಹೇಳೋದಪ್ಪ?" ಎಂದರು.

"ಆ ಹುಡುಗ್ಯಾರು ದಾರ್‍ಯಾಗ ಸುರಕ್ಷಿತ ಇರಲಿ ಅಂತ ಪಾಸ್ ಕೊಡಸ್ತೀವಿ" ಎಂದರು ಅಕ್ಕ. "ಅಡಗಿ ಮಾಡೋರು ಸಾಯಲಿ ಅಂತ ಕೊಟ್ಟೋರೇನು ಕೇಳಿಲ್ಲ. ಹಂಗಂತ ಬರೀರಿ."

ಬರೆದೆ. ಬಾಗಿಲು ಮುಚ್ಚಿದವನು ನಾನೇ ಎಂದೂ ಪತ್ರದಲ್ಲಿ ಸೇರಿಸಿದೆ. ಕಳಿಸುವ ಮುನ್ನ ಅಕ್ಕ ಓದಿ, ಆ ಸಾಲಿನ ಮೇಲೆ ಪೆನ್ನಿನಿಂದ ಗೀಟು ಹಾಕಿದರು.

"ಇದನ್ನ ತಗೀರಿ. ಇದಿದ್ರ ಎಲ್ಲಾರೂ ನಿಮ್ಮ ಬಗ್ಗೆನ ಮಾತಾಡ್ತಾರ, ಹುಡುಗ್ಯಾರನ್ನ ಮರೀತಾರ."

ತೆಗೆದೆ. ಅಲ್ಲಿ ಬರೆಯಲಾಗದ್ದನ್ನು ಇಲ್ಲಿ ಬರೆದಿದ್ದೇನೆ.