ನಾನಿಲ್ಲದಾಗ ಕಂಪ್ಯೂಟರ್ ಆನ್ ಮಾಡಿದವರು

ನಮ್ಮ ವಂಶದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ, ಕಷ್ಟಪಟ್ಟು ತಗೊಂಡಿದ್ದು. ನಂಜನಗೂಡಿನ ಪಿಯು ಕಾಲೇಜೊಂದರಲ್ಲಿ ಇತಿಹಾಸದ ಪಾಠ ಹೇಳಲು ಸೇರಿ, ಎರಡು ಕೋಣೆಯ ಬಾಡಿಗೆ ಮನೆ ಹಿಡಿದು, ಎರಡು ಸಾವಿರದ ನಾಲ್ಕರ ಸುಮಾರಿಗೆ ಕಂಪ್ಯೂಟರ್ ಕೊಂಡೆ. ಅದಕ್ಕೆ ಹಳೇ ಸೀರೆಯಲ್ಲಿ ಒಂದು ಗವಸು ಹೊಲಿದು ಹಾಕಿದ್ದೆ.

ಆ ವರ್ಷ ಪ್ರಿನ್ಸಿಪಾಲರು ಮೊದಲ ಸಲ ನನ್ನನ್ನು ನಂಬಿ, ದ್ವಿತೀಯ ಪಿಯುಸಿಯ ಪೂರ್ವಸಿದ್ಧತಾ ಪರೀಕ್ಷೆಗೆ ಪ್ರಶ್ನೆಪತ್ರಿಕೆ ತೆಗೆಯಲು ಹೇಳಿದರು. "ಹೊರಗೆ ಹೋದರೆ ಜವಾಬ್ದಾರಿ ನಿಮ್ಮದೇ" ಎಂದೂ ಹೇಳಿದರು. ಮನೆಯಲ್ಲೇ ಟೈಪ್ ಮಾಡಿ ಮುಗಿಸಿ, ಗವಸು ಹೊದಿಸಿ, ಎಂಟು ದಿನ ಅದರ ತಂಟೆಗೆ ಹೋಗಲಿಲ್ಲ. ಅಕಸ್ಮಾತ್ ಏನನ್ನಾದರೂ ಒತ್ತಿ ಅಳಿಸಿಬಿಟ್ಟರೆ ಎಂಬ ಭಯ.

ಭಾನುವಾರ ಪ್ರತಿ ತೆಗೆಯೋಣವೆಂದು ಆನ್ ಮಾಡಿದರೆ ಪರದೆ ನೀಲಿಯಾಯಿತು. ಹಿಂದಿನ ಸಲ ಸರಿಯಾಗಿ ಮುಚ್ಚಿಲ್ಲ, ತಪಾಸಣೆ ಮಾಡುತ್ತಿದ್ದೇನೆ ಎಂದಿತು. ನಾನು ಸರಿಯಾಗಿಯೇ ಮುಚ್ಚಿದ್ದೆ. ಕರೆಂಟ್ ಹೋಯಿತೆನ್ನೋಣ ಎಂದರೆ, ಆಫ್ ಆಗಿರುವ ಯಂತ್ರಕ್ಕೆ ಕರೆಂಟ್ ಹೋದರೆಷ್ಟು, ಬಂದರೆಷ್ಟು?

ಕೊನೆಗೆ ತೆರೆದ ಫೈಲುಗಳ ಪಟ್ಟಿ ನೋಡಿದೆ. ಮೇಲೆ ಇದ್ದದ್ದು ಪ್ರಶ್ನೆಪತ್ರಿಕೆಯೇ. ಅದನ್ನು ಕಡೆಗೆ ತೆರೆದವಳು ನಾನೋ ಕಳ್ಳರೋ, ಹೇಗೆ ಹೇಳುವುದು? ಆಗ ಮೂರು ತಿಂಗಳ ಕಂಪ್ಯೂಟರ್ ಕ್ಲಾಸಿನ ನೋಟ್ಸ್ ಹುಡುಕಿ ತೆಗೆದೆ. ಯಂತ್ರ ಎಷ್ಟು ಹೊತ್ತಿಗೆ ಎದ್ದಿತು ಎಂಬುದನ್ನು ತಾನೇ ಬರೆದಿಟ್ಟುಕೊಳ್ಳುವ ಜಾಗವೊಂದು ಒಳಗಿದೆ ಎಂದು ಬರೆದುಕೊಂಡಿದ್ದೆ. ತೆರೆದು ನೋಡಿದೆ. ದಿನವೂ ಬೆಳಗ್ಗೆ ಹನ್ನೊಂದರ ಆಸುಪಾಸಿಗೆ ಅದು ಎದ್ದಿದೆ! ಆ ಹೊತ್ತಿಗೆ ನಾನು ಕ್ಲಾಸಿನಲ್ಲಿರುತ್ತೇನೆ.

ಮನೆಯಲ್ಲಿದ್ದವರು ನಮ್ಮೂರು ಮೂಗೂರಿನಿಂದ ಬಂದು ಉಳಿದಿದ್ದ ಅಪ್ಪ ಮಾತ್ರ. ಅವರಿಗೆ ಅಕ್ಷರ ಬರದು. ಉಳಿದದ್ದು ಮಹಡಿ ಮೇಲಿದ್ದ ಮನೆ ಓನರ್ ಮಗಳು. ನಮ್ಮದೇ ಕಾಲೇಜು, ದ್ವಿತೀಯ ಪಿಯುಸಿ, ಓದುವ ರಜೆಯಲ್ಲಿ ಮನೆಯಲ್ಲೇ ಇದ್ದಳು. ಅವತ್ತು ನಲ್ಲಿ ಹತ್ತಿರ ಸಿಕ್ಕಿದವಳು, "ಮಿಸ್, ಪೇಪರ್ ಈಸಿ ಇದ್ಯಾ?" ಎಂದು ನಕ್ಕಳು.

ಸೋಮವಾರ ಹನ್ನೊಂದಕ್ಕೆ ಕ್ಲಾಸನ್ನು ಬೇರೆಯವರಿಗೆ ಒಪ್ಪಿಸಿ ಮನೆಗೆ ಓಡಿದೆ. ಬಾಗಿಲು ತಳ್ಳಿದರೆ, ಗವಸು ಮಡಿಸಿ ತೊಡೆ ಮೇಲಿಟ್ಟುಕೊಂಡು ಕಂಪ್ಯೂಟರ್ ಮುಂದೆ ಕೂತಿದ್ದಾರೆ ಅಪ್ಪ! ಕಣ್ಣು ಗೋಡೆ ಗಡಿಯಾರದ ಮೇಲೆ.

"ಏನಪ್ಪಾ ಇದು?"

"ಐದ್ ನಿಮ್ಸ ಓಡುಸ್ತಾ ಇವ್ನಿ ಕಣವ್ವ. ಕಾಸ್ ಕೊಟ್ ತಂದು ಬಟ್ಟೆ ಒದ್ಸಿ ಮಡಗಿದ್ದೀಯಲ್ಲ, ಮೋಟ್ರು ಸುಮ್ಕೆ ಬುಟ್ರೆ ಜಾಮಾಯ್ತದೆ."

ಊರಿನ ಪಂಪ್‌ಸೆಟ್ಟನ್ನು ಮಳೆಗಾಲದಲ್ಲೂ ಬಿಡದೆ ಹೀಗೆಯೇ ಓಡಿಸುವವರು ಅವರು.

"ಇದು ಮೋಟ್ರಲ್ಲ ಕಣಪ್ಪ!"

"ಒಳ್ಗೆ ಗುಂಯ್ ಅಂತ ಫ್ಯಾನ್ ತಿರುಗ್ತದಲ್ಲ, ಇನ್ನೇನ್ ಅದು? ತಿರ್ಗೋದೆಲ್ಲ ಮೋಟ್ರೇಯ. ಎಂಎ ಓದಿದ್ದೀಯ, ಅಷ್ಟೂ ತಿಳ್ಯಲ್ವಾ?"

ಎಂಎ ಮಾತನ್ನು ಅಲ್ಲಿಗೇ ಬಿಟ್ಟು ಕೇಳಿದೆ.

"ಆಮೇಲೆ ಹೆಂಗೆ ನಿಲ್ಲಿಸ್ತೀಯ?"

ಅಪ್ಪ ಎದ್ದು ಹೋಗಿ ಗೋಡೆಯ ಸ್ವಿಚ್ಚನ್ನು ಟಪ್ಪೆಂದು ಆರಿಸಿದರು. "ಇಂಗೆ."

ನೀಲಿ ಪರದೆಯ ಗುಟ್ಟು ತಿಳಿಯಿತು. ಆದರೂ ಹೆದರಿಕೆ ಪೂರ್ತಿ ಹೋಗಿರಲಿಲ್ಲ. "ಮೇಲಿನ ಮನೆ ಹುಡುಗಿ ಬಂದಿದ್ಲಾ?"

"ಬರ್ದೆ ಏನು? ಮೊನ್ನೆ ಬಂದು, 'ತಾತ, ಒಸಿ ಗೇಮ್ ಆಡ್ತೀನಿ' ಅಂದ್ಲು. ನಾ ಬುಡ್ನಿಲ್ಲ. ಮೋಟ್ರು ಓಡುವಾಗ ಎಣ್‌ಮಕ್ಳು ಅತ್ರ ಬರಬಾರ್ದು, ದುಪ್ಪಟ್ಟ ಸಿಕ್ಕಾಕತದೆ ಅಂದೆ. ಮುಖ ಊದುಸ್ಕಂಡು ಒಂಟೋದ್ಲು."

ಮಧ್ಯಾಹ್ನವೇ ಪ್ರತಿ ತೆಗೆದು, ಲಕೋಟೆ ಅಂಟಿಸಿ ಪ್ರಿನ್ಸಿಪಾಲರ ಕೈಗಿತ್ತೆ.

"ಯಾರೂ ನೋಡಿಲ್ಲ ತಾನೆ?"

"ಇಲ್ಲ ಸಾರ್" ಎಂದೆ.

ಪರೀಕ್ಷೆ ಮುಗಿದು ಉತ್ತರ ಪತ್ರಿಕೆಗಳ ಕಟ್ಟು ಬಂತು. ಮೊದಲು ಹುಡುಕಿದ್ದು ಆ ಹುಡುಗಿಯದನ್ನೇ. ಅವಳಿಗೆ ಪಾಸಾಗಲು ಎರಡು ಅಂಕ ಕಡಿಮೆ ಬಿದ್ದಿತ್ತು. ಪಾಠ ಹೇಳಿದವಳು ಹೀಗೆ ಹೇಳಬಾರದು, ಆದರೆ ಅವತ್ತು ನನಗೆ ಬಹಳ ಸಂತೋಷವಾಯಿತು. ಆ ಸಂತೋಷಕ್ಕೆ ಪ್ರಾಯಶ್ಚಿತ್ತವಾಗಿ, ವಾರ್ಷಿಕ ಪರೀಕ್ಷೆವರೆಗೂ ದಿನಾ ಸಂಜೆ ಕೆಳಗೆ ಕರೆದು ಕೂರಿಸಿಕೊಂಡು ಅವಳಿಗೆ ಇತಿಹಾಸ ಹೇಳಿಕೊಟ್ಟೆ.