ನೀರು ಹಾಕುವ ಹೊನ್ನೂರಮ್ಮ ತಲೆ ಒತ್ತುವುದಿಲ್ಲ

ಬಳ್ಳಾರಿಯ ಕೌಲ್ ಬಜಾರಿನ ಓಣಿ ಮಲಗಿ ಬಹಳ ಹೊತ್ತಾಗಿದೆ; ಬೆಳಗಾಗಲು ಇನ್ನೂ ಹೊತ್ತಿದೆ. ಒಂದು ಮನೆಯೊಳಗೆ ಮಾತ್ರ ಗಾಜಿನ ಬಳೆಗಳ ಸಣ್ಣ ಸದ್ದು. ಹೊನ್ನೂರಮ್ಮ ಎರಡೂ ಕೈಯ ಬಳೆಗಳನ್ನು ಮೊಣಕೈಯತ್ತ ಸರಿಸಿ, ಮೇಲೆ ಹಳೆಯ ಬಟ್ಟೆ ಸುತ್ತಿ ಕಟ್ಟಿಕೊಳ್ಳುತ್ತಿದ್ದಾರೆ. ಕೂಸಿನ ಮೈಗೆ ಬಳೆ ತಾಗಬಾರದು; ಗಂಡ ಬದುಕಿರುವಾಗ ಬಳೆ ತೆಗೆದಿಡಲೂಬಾರದು. ಕಟ್ಟಿ ಮುಗಿಸಿ, ಮಲಗಿದ ಗಂಡನನ್ನೂ ಮಗನನ್ನೂ ದಾಟಿ ಹೊರಗೆ ಬರುತ್ತಾರೆ. ದಾರಿಯಲ್ಲಿ ಜೊತೆಗೆ ಯಾರೂ ಇರುವುದಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಅವರು ಸತ್ಯನಾರಾಯಣಪೇಟೆಯ ಒಂದು ಮನೆಯ ಹಿತ್ತಲಲ್ಲಿ ಕಾಲು ಚಾಚಿ ಕುಳಿತಿದ್ದಾರೆ. ಹಂಡೆಯ ನೀರನ್ನು ಮನೆಯವರೇ ಮೇಲಿನಿಂದ ಹೊಯ್ಯುತ್ತಾರೆ. ಹೊನ್ನೂರಮ್ಮ ಹಂಡೆ ಮುಟ್ಟುವಂತಿಲ್ಲ. ಕೂಸು ಅವರ ಕಾಲ ಮೇಲೆ ಬೋರಲಾಗಿ ಮಲಗಿ, ಹರಳೆಣ್ಣೆಯಲ್ಲಿ ಮಿಂಚುತ್ತಿದೆ.

“ತಲಿ ಸ್ವಲ್ಪ ಒತ್ತು. ಹಿಂದ ಚಪ್ಪಟಿ ಕಾಣಸ್ತದ,” ಎನ್ನುತ್ತಾರೆ ಮನೆಯ ಅಜ್ಜಿ ಗಂಗಾಬಾಯಿ.

“ನಾ ಒತ್ತಂಗಿಲ್ರಿ ಬಾಯಾರ. ಎಣ್ಣಿ ಹಚ್ತೀನಿ, ನೀರು ಹಾಕ್ತೀನಿ. ಒತ್ತಲೇಬೇಕಂದ್ರ ಬ್ಯಾರೆ ಆಕೀನ್ನ ಕರಸ್ರಿ.”

“ಏನು ಸೊಕ್ಕು ನೋಡು! ನನ್ನ ಮಕ್ಕಳ ತಲಿ ಎಲ್ಲಾ ಒತ್ತಿ ಒತ್ತೇ ದುಂಡಗಾಗ್ಯಾವ.”

“ದುಂಡಗ ಅದಾವು ಬಿಡ್ರಿ. ಒಳಗಿಂದು ಸೊಸಿಯಂದಿರನ್ನ ಕೇಳಬೇಕು.”

ಅಜ್ಜಿ ಬೈಯಲು ಹೋಗಿ ನಕ್ಕುಬಿಡುತ್ತಾರೆ. ಎಲ್ಲ ಮನೆಗಳಲ್ಲೂ ಹೀಗೆ ನಗುವುದಿಲ್ಲ. ತಲೆ ಒತ್ತುವುದಿಲ್ಲ ಎಂದಿದ್ದಕ್ಕೆ ಕೆಲವು ಮನೆಗಳು ಹೊನ್ನೂರಮ್ಮನನ್ನು ಬಿಟ್ಟಿವೆ. ಕೂಸಿನ ತಲೆ ದುಂಡಗಾಗುವುದು ನೀರು ಹಾಕುವವಳ ಅಂಗೈಯಿಂದಲೇ ಎಂದು ಈ ಊರು ನಂಬಿದೆ. ಹೊನ್ನೂರಮ್ಮನೂ ನಂಬಿದ್ದರು. ಅವರ ತಾಯಿ ಊರಮ್ಮ ಕುರುಗೋಡಿನಲ್ಲಿ ಇದೇ ಕೆಲಸ ಮಾಡಿದವರು. ಕೈಗುಣ ಅಲ್ಲಿಂದ ಬಂದದ್ದೆಂದು ಜನ ಹೇಳುತ್ತಾರೆ.

ಬಾಣಂತಿಯ ಮನೆಯಲ್ಲಿ ಪುರುಡು ಕಳೆಯುವವರೆಗೆ ಹೊನ್ನೂರಮ್ಮನಿಗೆ ಕೋಣೆಯೊಳಗೆ ಹೋಗಲು ಅಡ್ಡಿಯಿಲ್ಲ. ಆ ದಿನಗಳಲ್ಲಿ ತಾಯಿ, ಮಗು ಎಲ್ಲರೂ ಮೈಲಿಗೆಯೇ. ಮುಟ್ಟಿದರೂ ಒಂದೇ, ಬಿಟ್ಟರೂ ಒಂದೇ. ಪುಣ್ಯಾಹವಾದ ಮೇಲೆ ಹಿತ್ತಲ ಬಚ್ಚಲೇ ಗಡಿ. ಕೂಸು ಕೂರಲು ಕಲಿತರೆ ಅಲ್ಲಿಗೂ ಕರೆಯಿಲ್ಲ. “ಬೀದ್ಯಾಗ ಕಂಡ್ರ ನನಗ ಗುರುತು ಸಿಗ್ತೈತಿ, ಅವಕ್ಕ ಸಿಗಂಗಿಲ್ಲ,” ಎನ್ನುತ್ತಾರೆ. ದೂರು ಹೇಳುವ ದನಿಯಲ್ಲ. ಮಾತಿನ ನಡುವೆ ಒಮ್ಮೆ ಕೈ ನೋಡಿಕೊಳ್ಳುತ್ತಾರೆ, ಅಷ್ಟೆ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ಅವರಿಗೆ ಗಂಡುಮಗು ಹುಟ್ಟಿತು. ಹೆಸರು ಜೋಗಪ್ಪ. ಗಂಡ ಚಿನ್ನಪ್ಪ ರೈಲಿನ ಗೂಡ್ಸ್ ಶೆಡ್ಡಿನಲ್ಲಿ ಹಮಾಲಿ. ಬೆಳಗ್ಗೆ ಇಬ್ಬರೂ ಮನೆ ಬಿಡಬೇಕು. ಮಗುವನ್ನು ಮೊರದಲ್ಲಿ ಹಳೆ ಸೀರೆ ಹಾಸಿ ಮಲಗಿಸಿ, ಪಕ್ಕದ ಮನೆಯ ಸುವರ್ಣಮ್ಮನ ಬಳಿ ಬಿಟ್ಟು ಹೋಗುತ್ತಿದ್ದರು. ಸುವರ್ಣಮ್ಮ ಬೀಡಿ ಕಟ್ಟುತ್ತಿದ್ದ ಮುದುಕಿ. ಜೋಗಪ್ಪ ಮೊರದಲ್ಲಿ ಸುಮ್ಮನೆ ಸೂರು ನೋಡುತ್ತ ಮಲಗಿರುತ್ತಿದ್ದ.

“ಅತ್ತಿದ್ರ ಯಾರಾರ ಎತ್ತತಿದ್ರು. ಅಳಲೇ ಇಲ್ಲ ನನ್ನ ಮಗ. ಬಂಗಾರದಂಥಾ ಕೂಸು ಅಂತ ನಾನೂ ಹಿಗ್ಗಿದೆ,” ಎನ್ನುತ್ತಾರೆ ಹೊನ್ನೂರಮ್ಮ. ಊರ ಕೂಸುಗಳಿಗೆಲ್ಲ ನೀರು ಹಾಕಿ ಮನೆಗೆ ಬರುವಷ್ಟರಲ್ಲಿ ಸೊಂಟ ನಿಲ್ಲುತ್ತಿರಲಿಲ್ಲ. ಮಗನಿಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಆಯಿತು.

ನಾಲ್ಕು ತಿಂಗಳಾದಾಗ ಸುವರ್ಣಮ್ಮನೇ ಅಂದರಂತೆ: “ಏನವ್ವಾ, ನಿನ್ನ ಮಗನ ತಲಿ ಮ್ಯಾಲ ರೊಟ್ಟಿ ತಟ್ಟಬೌದು ನೋಡು!”

ಹಿಂದಲೆ ಬಲಕ್ಕೆ ಪೂರ್ತಿ ಚಪ್ಪಟೆಯಾಗಿತ್ತು. ಒಂದು ಕಿವಿ ಮುಂದಕ್ಕೆ ಬಂದಂತಿತ್ತು. ಮಗನ ಗತಿಯೇನು ಎಂಬ ಹೆದರಿಕೆ ಒಂದು ಕಡೆ; ಊರವರ ಕಣ್ಣಿಗೆ ಬಿದ್ದರೆ ನಾಳೆಯಿಂದ ಯಾರು ಕೂಸು ಕೊಟ್ಟಾರು ಎಂಬುದು ಇನ್ನೊಂದು ಕಡೆ. ಅಂದಿನಿಂದ ಬಳ್ಳಾರಿಯ ಬೇಸಗೆಯಲ್ಲೂ ಜೋಗಪ್ಪನ ತಲೆಯ ಮೇಲೆ ಕುಂಚಿಗೆ. ಯಾರಾದರೂ ಕೇಳಿದರೆ ನೆಗಡಿ ಎಂಬ ಉತ್ತರ.

ಮಗನನ್ನು ಎತ್ತಿಕೊಂಡು ಕುರುಗೋಡಿಗೆ ಹೋದರು. ಊರಮ್ಮ ಮೊಮ್ಮಗನ ತಲೆ ಸವರಿ, “ಊರ ತಲಿ ಎಲ್ಲಾ ಒತ್ತತೀ, ಇದನ್ನ ಒತ್ತಾಕ ನಿನಗ ಯಾರು ಬರಬೇಕು?” ಎಂದು ಬೈದರು. ಹೊನ್ನೂರಮ್ಮ ಎಣ್ಣೆ ಸವರಿ ಮಗನ ತಲೆಯ ಮೇಲೆ ಅಂಗೈ ಇಟ್ಟರು. ನೆತ್ತಿ ಅಂಗೈಯ ಕೆಳಗೆ ಮಿಡಿಯುತ್ತಿತ್ತು.

“ಎಷ್ಟು ಕೂಸುಗಳ ನೆತ್ತಿ ಮ್ಯಾಲ ಕೈ ಇಟ್ಟೀನೋ. ಇಷ್ಟು ಮೆತ್ತಗ ಐತಿ ಅಂತ ಅವತ್ತೇ ಗೊತ್ತಾಗಿದ್ದು. ಒತ್ತಾಕ ಆಗಲಿಲ್ರಿ.”

ಆಗಲೇ ಯಾರೋ ಸಿರುಗುಪ್ಪದ ಹೆಸರು ಹೇಳಿದರು. ಅಲ್ಲಿ ಎರ್ರಣ್ಣ ಎಂಬಾತ ಇದ್ದ. ಯುದ್ಧಕಾಲದಲ್ಲಿ ಎಲ್ಲೋ ಮಿಲಿಟರಿ ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದನಂತೆ. ಊರಿಗೆ ಮರಳಿ ಡಾಕ್ಟರಾಗಿದ್ದ. ಚಿನ್ನಪ್ಪ ಕೂಲಿ ಬಿಟ್ಟು, ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ ಹೆಂಡತಿ ಮಗನನ್ನು ಕರೆದೊಯ್ದರು.

“ಎಲುಬು ಕೂಡೋದ್ರಾಗ ಬಂದೀರಿ, ಪುಣ್ಯ ನಿಮ್ದು,” ಎಂದ ಎರ್ರಣ್ಣ. “ಹಿಂಗೇ ಬಿಟ್ಟಿದ್ರ ಬುದ್ಧಿ ಬೆಳಿಯಾಕ ತಲಿಯಾಗ ಜಾಗಾನೇ ಇರ್ತಿದ್ದಿಲ್ಲ.” ಹಣೆಗೊಂದು, ಹಿಂದಲೆಗೊಂದು ತೆಳು ಹಲಗೆಯಿಟ್ಟು ಬಿಗಿಯಾಗಿ ಪಟ್ಟಿ ಸುತ್ತಿದ. ಅಮಾವಾಸ್ಯೆಯವರೆಗೆ ಬಿಚ್ಚಕೂಡದು, ಬಿಚ್ಚಿದರೆ ತನ್ನ ಜವಾಬ್ದಾರಿಯಲ್ಲ.

“ಆತನ ಹತ್ರ ಇಂಗ್ಲಿಷ್ ಔಷಧದ ವಾಸನಿ ಬರ್ತಿತ್ತು. ನಂಬಿದ್ವಿ,” ಎನ್ನುತ್ತಾರೆ ಚಿನ್ನಪ್ಪ. ಎದ್ದು ಹೊರಗೆ ಹೋಗುತ್ತಾರೆ.

ಅಳದ ಮಗು ಅಂದಿನಿಂದ ಅಳತೊಡಗಿತು. ಚಿನ್ನಪ್ಪ ಕೇಳಲಾರದೆ ಹೊರಗೆ ಮಲಗತೊಡಗಿದರು. ಪಟ್ಟಿ ಸಡಿಲಿಸೋಣವೆಂದು ಹೆಂಡತಿ ಕೇಳಿದರೆ, “ನಾಳೆ ಮಗ ಹುಚ್ಚ ಆದ್ರ ನೀ ಜವಾಬೇನು?” ಎನ್ನುತ್ತಿದ್ದರು. ಸುವರ್ಣಮ್ಮ, ಇಷ್ಟು ಅಳುವ ಕೂಸನ್ನು ತಾನು ಹಿಡಿಯಲಾರೆನೆಂದರು. ಹೊನ್ನೂರಮ್ಮ ಯಾರನ್ನು ಕೇಳಬೇಕು? ಹೋಗುವ ಮನೆಗಳಲ್ಲಿ ಓದಿದವರಿದ್ದರು. ಆದರೆ ಬಾಯಿ ಬಿಟ್ಟರೆ ಕೆಲಸ ಹೋದಂತೆ. ಮಗನನ್ನು ಬೆನ್ನಿಗೆ ಕಟ್ಟಿಕೊಂಡು, ಕುಂಚಿಗೆಯ ದಾರ ಗದ್ದಕ್ಕೆ ಬಿಗಿದು, ಒಬ್ಬರೇ ಕೆಲಸಕ್ಕೆ ನಡೆದರು.

ಆ ಮಗ ಈಗ ಶಾಲೆಗೆ ಹೋಗುತ್ತಾನೆ. ಕೂರಲು ಕಲಿತ ಮೇಲೆ ತಲೆ ತಾನಾಗಿಯೇ ಎಷ್ಟೋ ತುಂಬಿಕೊಂಡಿತು. ಪೂರ್ತಿ ಅಲ್ಲ, ಬಲಕ್ಕೆ ಕೈಯಾಡಿಸಿದರೆ ಇನ್ನೂ ತಗ್ಗು ತಿಳಿಯುತ್ತದೆ. “ಯಾಕ ಸರಿಯಾತು ನನಗ ತಿಳೀದು. ತಿಳಿದಂಗ ಬರೀಬ್ಯಾಡ್ರಿ,” ಎಂದು ತಾಯಿ ಎಚ್ಚರಿಸುತ್ತಾರೆ. ಮಗನ ಕೂದಲನ್ನು ಸಣ್ಣಗೆ ಕತ್ತರಿಸಿದ್ದಾರೆ. ನೋಡುವವರು ನೋಡಲಿ ಎಂಬುದು ಅವರ ಈಗಿನ ಮಾತು. ಎಷ್ಟು ವರ್ಷ ಮುಚ್ಚಿಟ್ಟ ತಲೆಯದು!

ಹಲಗೆ ಬಿಚ್ಚಿದ್ದು ಅಮಾವಾಸ್ಯೆಗೆ ಮೊದಲೇ. ಅದು ನಡೆದದ್ದು ಪದ್ಮಾಬಾಯಿ ಎಂಬವರ ಮನೆಯಲ್ಲಿ. ಇಬ್ಬರೂ ಒಪ್ಪಿದ್ದರಿಂದ ಇಲ್ಲಿ ಹೇಳಬಹುದಾಗಿದೆ. ಪದ್ಮಾಬಾಯಿಯವರ ಅತ್ತೆ ಈಗಿಲ್ಲ.

ಪದ್ಮಾಬಾಯಿಗೆ ಅದು ಚೊಚ್ಚಲ ಹೆರಿಗೆ; ತವರಿಗೆ ಹೋಗದೆ ಅತ್ತೆಯ ಮನೆಯಲ್ಲೇ ಹೆತ್ತಿದ್ದರು. ಹೆಣ್ಣುಮಗು, ಪುರುಡು ಇನ್ನೂ ಕಳೆದಿರಲಿಲ್ಲ. ಕತ್ತಲೆ ಕೋಣೆಯಲ್ಲಿ ಅವರೂ ಮಗುವೂ ಇಬ್ಬರೇ. ಊಟವನ್ನೂ ಬಾಗಿಲ ಹೊರಗಿಟ್ಟು ಹೋಗುತ್ತಿದ್ದರು. ಮಾತನಾಡಲು ಬರುತ್ತಿದ್ದವರೆಂದರೆ ಹೊನ್ನೂರಮ್ಮ ಮಾತ್ರ. ಅಂದು ಹೊನ್ನೂರಮ್ಮ ಮಗನನ್ನು ಕೋಣೆಯ ಮೂಲೆಯಲ್ಲಿ ಕೂಡಿಸಿ, ಗೋಡೆಗೆ ಒರಗಿಸಿ, ಬಾಣಂತಿಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಮಗು ವಾಲಿ ಬಿತ್ತು. ಕುಂಚಿಗೆ ಕಳಚಿತು.

ಪದ್ಮಾಬಾಯಿ ಎದ್ದು ಹೋಗಿ ನೋಡಿದರು. ಹಲಗೆಯ ಅಂಚಿನಲ್ಲಿ ಚರ್ಮ ಸುಲಿದು ಕೀವಾಗಿತ್ತು. ಹೊನ್ನೂರಮ್ಮ ಕೈಮುಗಿದು ನಿಂತುಬಿಟ್ಟರು.

“ಡಾಕ್ಟರು ಕಟ್ಯಾರ್ರಿ ಬಾಯಾರ. ಬಿಚ್ಚಿದ್ರ ಬುದ್ಧಿ ಬೆಳಿಯಂಗಿಲ್ಲಂತ. ನನ್ನ ಕೈ ಕೆಟ್ಟಿಲ್ರಿ. ನಿಮ್ಮ ಕೂಸಿಗೆ ಏನೂ ಆಗಂಗಿಲ್ಲ, ನನ್ನ ಬಿಡಿಸಬ್ಯಾಡ್ರಿ.”

“ಡಾಕ್ಟರು ಹೇಳಿದ್ದು ಖರೇನೋ ಸುಳ್ಳೋ ನನಗ ಗೊತ್ತಿಲ್ಲ,” ಎಂದರು ಪದ್ಮಾಬಾಯಿ. “ಆದ್ರ ಇದು ನೋಯ್ಲಿಕತ್ತದ. ಹಿಡಿ, ನೀ ಕಾಲು ಹಿಡಿ.”

ಇಬ್ಬರೂ ಸೇರಿ ಪಟ್ಟಿ ಬಿಚ್ಚಿದರು. ಅಂಟಿಕೊಂಡ ಕಡೆ ಎಣ್ಣೆ ಬಿಟ್ಟು, ಊದಿ ಊದಿ ಬಿಡಿಸಿದರು. ಜೋಗಪ್ಪ ಚೀರಿದ. ಪದ್ಮಾಬಾಯಿ ಅವನನ್ನು ತಮ್ಮ ತೊಡೆಯ ಮೇಲೆ ಬೋರಲು ಹಾಕಿಕೊಂಡು ಬೆನ್ನು ಸವರತೊಡಗಿದರು. ಇನ್ನೆರಡು ದಿನ ಕಳೆದಿದ್ದರೆ ಅವರು ಆ ಮಗುವನ್ನು ಮುಟ್ಟುವಂತಿರಲಿಲ್ಲ.

ಒಳಗಿನಿಂದ ಅತ್ತೆಯ ದನಿ ಬಂತು: “ಯಾರ ಕೂಸದು, ಹಂಗ ಚೀರಲಿಕತ್ತದ?”

ಎಳೆಯ ಮಗಳು ಪಕ್ಕದಲ್ಲಿ ನಿದ್ದೆ ಹೋಗಿದ್ದಳು. ಪದ್ಮಾಬಾಯಿ ಅವಳತ್ತ ಒಮ್ಮೆ ನೋಡಿದರು.

“ನಮ್ಮದೇ ರೀ, ಅತ್ಯಾ,” ಎಂದರು.

ಹೊನ್ನೂರಮ್ಮನ ಕಣ್ಣಲ್ಲಿ ನೀರು. ಪದ್ಮಾಬಾಯಿ ಹಲಗೆ ಎರಡನ್ನೂ ಅವರ ಕೈಗಿಟ್ಟು, ಹಿತ್ತಲ ಹಂಡೆಯ ಒಲೆಗೆ ಹಾಕಿ ಬರಲು ಹೇಳಿದರು. ಅತ್ತೆಗಾಗಲಿ, ಗಂಡನಿಗಾಗಲಿ, ತವರಿನವರಿಗಾಗಲಿ ಇದನ್ನು ಹೇಳಬಾರದೆಂದು ಆ ಮಗುವಿನ ಬೆನ್ನು ಸವರುತ್ತಲೇ ತೀರ್ಮಾನಿಸಿದೆ ಎನ್ನುತ್ತಾರೆ ಅವರು. ಹೊನ್ನೂರಮ್ಮ ಹಿತ್ತಲಿನಿಂದ ಮರಳಿದಾಗ ಪದ್ಮಾಬಾಯಿ ಹಲಗೆಯ ಮಾತೆತ್ತಲಿಲ್ಲ. ಮಲಗಿದ್ದ ಮಗಳನ್ನು ಎತ್ತಿ ಅವರ ಕೈಗೆ ಕೊಟ್ಟು, “ನೀರು ಕಾದದ ಏನು ನೋಡು,” ಎಂದರು.