ತೂತು ದೊಡ್ಡದಾದ ವಾರ

ವೇಮಗಲ್‌ನ ಕಾರ್ಖಾನೆಯೊಂದರಲ್ಲಿ ನಾನು ನಡೆಸುತ್ತಿದ್ದುದು ಕಿಡಿಯಿಂದ ತೂತು ಕೊರೆಯುವ ಮಷೀನು. ಸೂಜಿಗಿಂತ ಸಣ್ಣ ಹಿತ್ತಾಳೆ ಟ್ಯೂಬು ಉಕ್ಕನ್ನು ಮುಟ್ಟದೆಯೇ, ನೀರಿನೊಳಗೆ ಚಿಟಚಿಟ ಕಿಡಿ ಹಾರಿಸಿ, ಅದನ್ನು ತಿನ್ನುತ್ತಾ ಕೆಳಗಿಳಿಯುತ್ತದೆ. ಬೆಳಗಿನ ಪಾಳಿ ನನ್ನದು. ಮಧ್ಯಾಹ್ನ ಎರಡಕ್ಕೆ ಅದೇ ಮಷೀನಿಗೆ ಬರುತ್ತಿದ್ದವರು ರಾಯಲ್ಪಾಡಿನ ಕಡೆಯವರು. ವಯಸ್ಸಿನಲ್ಲಿ ದೊಡ್ಡವರು, ಅಣ್ಣಾ ಅನ್ನುತ್ತಿದ್ದೆ.

ಒಂದು ವಾರ ತಪಾಸಣೆ ವಿಭಾಗದಿಂದ ನಾವು ಕೊರೆದ ಪೀಸುಗಳು ವಾಪಸು ಬರತೊಡಗಿದವು. ತೂತಿನೊಳಗೆ ಹೋಗಲೇಬಾರದ ಅಳತೆಪಿನ್ನು ಸಲೀಸಾಗಿ ಇಳಿಯುತ್ತಿತ್ತು. ಎರಡು ಪಾಳಿಯ ಪೀಸುಗಳೂ ಒಂದೇ ಟ್ರೇನಲ್ಲಿ ಹೋಗುತ್ತಿದ್ದುದರಿಂದ ತಪ್ಪು ಯಾರದೆಂದು ಹೇಳುವಂತಿರಲಿಲ್ಲ. ನನಗೆ ಮಾತ್ರ ಅನುಮಾನವೇ ಇರಲಿಲ್ಲ: ಬೇಗ ಮುಗಿಸಲು ಅಣ್ಣ ಕರೆಂಟು ಏರಿಸುತ್ತಿದ್ದಾರೆ. ಕರೆಂಟು ಹೆಚ್ಚಾದರೆ ಕಿಡಿ ದೊಡ್ಡದಾಗಿ ತೂತು ಅಗಲವಾಗುತ್ತದೆ, ಟ್ಯೂಬೂ ಬೇಗ ಸವೆಯುತ್ತದೆ.

ತಪ್ಪು ನನ್ನದಲ್ಲವೆಂದು ತೋರಿಸಲು ದಿನವೂ ನನ್ನ ಕರೆಂಟಿನ ಸೆಟ್ಟಿಂಗನ್ನು ಪುಸ್ತಕದಲ್ಲಿ ಬರೆದುಕೊಳ್ಳತೊಡಗಿದೆ. ಒಂದು ಮಧ್ಯಾಹ್ನ ಚೀಲ ಮರೆತು ಹಿಂದಿರುಗಿದಾಗ, ಅವರು ಕಸದ ಡಬ್ಬಿಯಿಂದ ಏನೋ ಆರಿಸಿ, ಕಾಗದದಲ್ಲಿ ಸುತ್ತಿ ಜೇಬಿಗಿಳಿಸುವುದು ಕಂಡಿತು. ಮರುದಿನ ಬೇಕೆಂದೇ ಬಾಗಿಲ ಬಳಿ ನಿಂತು ನೋಡಿದೆ. ಮತ್ತೆ ಅದೇ ಕೆಲಸ. ತಡೆಯಲಾಗಲಿಲ್ಲ.

"ಅಣ್ಣಾ, ಜೇಬಲ್ಲಿ ಏನದು?"

ಅವರ ಮುಖ ಕೆಂಪಾಯಿತು. ನಾಲ್ಕೈದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಸವೆದ ಟ್ಯೂಬಿನ ತುಂಡುಗಳು. ಒಂದೊಂದರ ಮೇಲೂ ತಾರೀಕು, ಪಕ್ಕದಲ್ಲಿ 'ಬೆಳಿಗ್ಗೆ' ಎಂಬ ಬರಹ. ನನ್ನ ಪಾಳಿಯವು.

"ನೀನೇ ಕರೆಂಟು ಜಾಸ್ತಿ ಇಡ್ತಿದೀಯೇನೋ ಅಂತ ಎತ್ತಿಡ್ತಿದ್ದೆ ಕಣಮ್ಮಾ. ಸವೆದಿರೋದು ನೋಡಿದ್ರೆ ಗೊತ್ತಾಗ್ತದಲ್ಲ."

"ನಾನಾ?" ಸಿಟ್ಟಿಗೆ ಪುಸ್ತಕ ತೆಗೆದು ಅವರ ಮುಂದೆ ಹಾಕಿದೆ. ಓದಿದರು.

"ಅಯ್ಯೋ ದೇವುಡಾ, ನೀನೂ ನನ್ನ ಮೇಲೇ ಅನುಮಾನ ಪಡ್ತಿದ್ಯಾ?"

ನಗು ಇಬ್ಬರಿಗೂ ಬರಲಿಲ್ಲ. ಅವರು ತಮ್ಮ ಪಾಳಿಯ ತುಂಡುಗಳನ್ನೂ ತಂದು ಪಕ್ಕದಲ್ಲಿಟ್ಟರು. ಸವೆತ ಒಂದೇ ಸಮ. ಪುಸ್ತಕದ ಪ್ರಕಾರ ನನ್ನ ಕರೆಂಟು ಸರಿಯಿತ್ತು; ಹಾಗಾದರೆ ಅವರದೂ ಸರಿ, ಕರೆಂಟಿನ ತಪ್ಪಲ್ಲ. ಟ್ಯೂಬು ಅಲ್ಲಾಡದಂತೆ ಹಿಡಿಯುವ ಪಿಂಗಾಣಿಯ ಪುಟ್ಟ ಗೈಡನ್ನು ಬಿಚ್ಚಿ ಲೆನ್ಸಿನ ಕೆಳಗಿಟ್ಟೆವು. ಅದರ ತೂತು ತೇದು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಟ್ಯೂಬು ಓಲಾಡುತ್ತಾ ಕೊರೆಯುತ್ತಿತ್ತು, ಅಷ್ಟೇ. ಹೊಸ ಗೈಡು ಹಾಕಿದ ಮೇಲೆ ಕೊರೆದ ಮೊದಲ ಪೀಸಿನಲ್ಲೇ ಪಿನ್ನು ಒಳಗಿಳಿಯದೆ ತೂತಿನ ಬಾಯಲ್ಲೇ ನಿಂತಿತು.

ಸೂಪರ್‌ವೈಸರಿಗೆ ಗೈಡು ಸವೆದಿತ್ತೆಂದಷ್ಟೇ ಹೇಳಿದೆವು. ನನಗೆ ನಾಚಿಕೆಯಾಗಿತ್ತು, ಅವರಿಗೂ ಆಗಿರಬೇಕು. ಆದರೂ ಅಲ್ಲಿಂದಾಚೆಗೆ ಪಾಳಿ ಬದಲಾಗುವಾಗ, ಇಬ್ಬರೂ ಒಟ್ಟಿಗೆ ನಿಂತು ಒಂದು ಪೀಸು ಕೊರೆದು ಅಳತೆ ನೋಡಿದ ಮೇಲೆಯೇ ನಾನು ಮನೆಗೆ ಹೊರಡುತ್ತಿದ್ದೆ. ಹಾಗೆ ಮಾಡೋಣವೆಂದು ಮೊದಲು ಹೇಳಿದ್ದು ಯಾರೋ, ಈಗ ನೆನಪಿಲ್ಲ.